ಆರಾಮ ಇರ್ರಿ: ಸೊರಡಿಗೊಂದು ತಜ್ಞ ಕೈಪಿಡಿ

ಒತ್ತಡದ ಮೂಲ ಹೊರಗೆಲ್ಲೂ ಇಲ್ಲ, ನಮ್ಮ ತಲೆಯೊಳಗೇ ಇದೆ. ಮನೆಯಲ್ಲೇ ಮನಶ್ಶಾಂತಿ ಕಲಿಸುವ ನಮ್ಮ ಶಾಸ್ತ್ರದ ಮೊದಲ ಸೂತ್ರ ಇದು. ಬೆಂಗಳೂರು, ಪುಣೆಗಳ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಇದು ಲೀಲಾಜಾಲವಾಗಿ ಸಾಬೀತಾಗಿದೆ. ಅಲ್ಲಿ ಎಸಿ ಇದೆ, ಬಾಗಿಲು ಹಾಕಿಕೊಳ್ಳಲು ಬಾಗಿಲಿದೆ, ನಲ್ಲಿ ತಿರುಗಿಸಿದರೆ ಏನು ಬರುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ಅದೇ ಸೂತ್ರವನ್ನು ಸಾಂಗ್ಲಿ ಜಿಲ್ಲೆ ಜತ್ ತಾಲೂಕಿನ ಸೊರಡಿಯಲ್ಲಿ ಅಳವಡಿಸುವಾಗ ಕೆಲವು ತಾಂತ್ರಿಕ ಅಡಚಣೆಗಳು ಎದುರಾಗುತ್ತವೆ. ಅವುಗಳ ನಿವಾರಣೆಗಾಗಿ ಈ ಕೈಪಿಡಿ. ಅಡಚಣೆಗಳು ಶಾಸ್ತ್ರದವಲ್ಲ, ಊರಿನವು ಎಂಬುದನ್ನು ಆರಂಭದಲ್ಲೇ ದಾಖಲಿಸುತ್ತೇವೆ.

ರೋಗಿಯ ಪೂರ್ವವೃತ್ತಾಂತ ತಿಳಿಯದೆ ಚಿಕಿತ್ಸೆ ಮಾಡಬಾರದು, ಆದ್ದರಿಂದ ಸ್ವಲ್ಪ ಇತಿಹಾಸ. ಜತ್ ಹಿಂದೆ ಡಫಳೆ ಮನೆತನದ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. 1967ರಲ್ಲಿ ಮಹಾಜನ ಆಯೋಗ ಕರ್ನಾಟಕಕ್ಕೆ ಕೊಡಬೇಕೆಂದು ಬರೆದ ಪಟ್ಟಿಯಲ್ಲಿ ಜತ್ ಸೀಮೆಯ ಹಳ್ಳಿಗಳೂ ಇದ್ದವು; ಆ ವರದಿ ಹಳೆಯ ಹುಣಸೆಹಣ್ಣಿನಂತೆ ಕಪಾಟಿನಲ್ಲಿ ಇಂದಿಗೂ ಕೆಡದೆ ಉಳಿದಿದೆ. ಇಲ್ಲಿನವರಿಗೆ ಮನೆಯಲ್ಲಿ ಕನ್ನಡ, ತಲಾಠಿಯ ಮುಂದೆ ಮರಾಠಿ, ಎಸ್‌ಟಿ ಬಸ್ಸಿನಲ್ಲಿ ಎರಡೂ, ಸಿಟ್ಟು ಬಂದಾಗ ಬಾಯಿಗೆ ಹತ್ತಿರವಿದ್ದದ್ದು. ಸೀಮೆ ಮಳೆನೆರಳಿನದು. ಹಾಗೆಂದು ಮಳೆ ಬರುವುದೇ ಇಲ್ಲ ಎನ್ನುವಂತಿಲ್ಲ. ದ್ರಾಕ್ಷಿ ಹೂವಿನಲ್ಲಿರುವಾಗ ಬರುತ್ತದೆ, ಬೇದಾಣೆಗೆಂದು ದ್ರಾಕ್ಷಿ ಒಣಹಾಕಿದಾಗ ತಪ್ಪದೆ ಬರುತ್ತದೆ.

ಒತ್ತಡದ ಬಗ್ಗೆ ಆಧುನಿಕ ವಿಜ್ಞಾನಕ್ಕೆ ತಳಹದಿ ಹಾಕಿದವರು ಹಾನ್ಸ್ ಸೆಲ್ಯೆ. 1936ರಲ್ಲಿ ಇಲಿಗಳನ್ನು ಬಗೆಬಗೆಯಾಗಿ ಗೋಳಾಡಿಸಿ ಅವರು ಬರೆದದ್ದು ಇಷ್ಟು: ಜೀವಿಯ ಮೇಲೆ ಒತ್ತಡ ಬಿದ್ದಾಗ ಮೊದಲು ಗಾಬರಿ, ಆಮೇಲೆ ತಡೆದುಕೊಳ್ಳುವ ಹಂತ, ಕೊನೆಗೆ ದಣಿವು. ಈ ಮೂರು ಹಂತಗಳನ್ನು ಸೊರಡಿಯ ಕಟ್ಟೆಯ ಮೇಲೆ ವಿವರಿಸಿದಾಗ ಸಭಿಕರು ತಕ್ಷಣ ಗುರುತಿಸಿದರು. ಇಲ್ಲಿ ಅವಕ್ಕೆ ಮೃಗಶಿರಾ, ಆರಿದ್ರಾ, ಪುನರ್ವಸು ಎಂದು ಹೆಸರಂತೆ. ಇಲಿಗಳಿಗೆ ಆಮೇಲೆ ಏನಾಯಿತು ಎಂದು ಒಬ್ಬ ಮುತ್ಯಾ ಕೇಳಿದರು. ಅದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಮೊದಲ ಪಾಠ ಉಸಿರಾಟ. ನಾಲ್ಕು ಎಣಿಸುವವರೆಗೆ ಉಸಿರು ಒಳಗೆ, ಏಳು ಎಣಿಸುವವರೆಗೆ ಬಿಗಿಹಿಡಿಯುವುದು, ಎಂಟು ಎಣಿಸುತ್ತ ಹೊರಗೆ. ಬಿಡುವ ಉಸಿರು ಉದ್ದವಾದಷ್ಟೂ ಹೃದಯದ ಬಡಿತ ನಿಧಾನವಾಗುತ್ತದೆ ಎಂಬುದು ಶರೀರಶಾಸ್ತ್ರ. ಸೊರಡಿಯ ಅಭ್ಯಾಸಿಗಳಿಗೆ ಮಧ್ಯದ ಹಂತ ಮಾತ್ರ ಬಹಳ ಸಲೀಸಾಗಿ ಬಂತು. ರೋಹಿಣಿ ಮಳೆಯಿಂದ ಉಸಿರು ಬಿಗಿಹಿಡಿದುಕೊಂಡೇ ಕೂತವರು ಅವರು. ಏಳೇನು, ಎಪ್ಪತ್ತಕ್ಕೂ ಸಿದ್ಧ. ಬಿಡುವುದರಲ್ಲಿ ಮಾತ್ರ ಅವರದೇ ಒಂದು ಶೈಲಿಯಿದೆ: ಮೂಗಿನಿಂದ ಒಮ್ಮೆ ಎಳೆದು, ಮೇಲೆ ಇನ್ನೊಂದು ಗುಟುಕು ಎಳೆದು, ಆಮೇಲೆ ಬಾಯಿಂದ ಉದ್ದಕ್ಕೆ ಬಿಟ್ಟು, ಕೊನೆಯಲ್ಲಿ "ಹೂಂ, ನಡೀಲಿ" ಎನ್ನುವುದು. ತಿದ್ದಬೇಕೆಂದು ಹೊರಟಿದ್ದೆವು. ಅಷ್ಟರಲ್ಲಿ ನೆನಪಾಯಿತು: ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಐದು ನಿಮಿಷ ಹೀಗೇ ಎರಡು ಸಲ ಎಳೆದು ಉದ್ದಕ್ಕೆ ನಿಟ್ಟುಸಿರು ಬಿಟ್ಟವರ ಮನಸ್ಸು ಧ್ಯಾನಕ್ಕೆ ಕೂತವರಿಗಿಂತ ಹೆಚ್ಚು ಹಗುರಾಗಿತ್ತು. ಅಂದರೆ ಸೊರಡಿಯ ಕಟ್ಟೆ ಈ ವಿದ್ಯೆಯಲ್ಲಿ ಅಮೆರಿಕಕ್ಕಿಂತ ಕೆಲವು ತಲೆಮಾರು ಮುಂದಿದೆ. ದಿನಕ್ಕೆ ಐದು ನಿಮಿಷದ ಮಿತಿಯನ್ನಷ್ಟೇ ಇಲ್ಲಿ ಯಾರೂ ಪಾಲಿಸುತ್ತಿಲ್ಲ. ಮಿತಿಮೀರಿದ ಸೇವನೆಯ ಅಡ್ಡಪರಿಣಾಮಗಳ ಬಗ್ಗೆ ಎಚ್ಚರಿಸಿ ಮುಂದಿನ ಪಾಠಕ್ಕೆ ಹೋದೆವು.

ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಅರ್ಧ ತಾಸು ಮಲಗುವುದು ನಮ್ಮ ಶಾಸ್ತ್ರದ ಅತ್ಯಂತ ಜನಪ್ರಿಯ ಉಪಾಯ. ಒಂದು ಸಾಧಾರಣ ಟಬ್ಬು ತುಂಬಲು 150 ಲೀಟರ್ ಸಾಕು. ಮಹಾರಾಷ್ಟ್ರದಲ್ಲಿ ಪಾಣಿಟಂಚಾಯಿ, ಅಂದರೆ ನೀರಿನ ಅಭಾವ, ಘೋಷಣೆಯಾದ ಹಳ್ಳಿಗೆ ಟ್ಯಾಂಕರಿನಲ್ಲಿ ನೀರು ಕೊಡುವ ಲೆಕ್ಕ ತಲೆಗೆ ದಿನಕ್ಕೆ 20 ಲೀಟರ್. ಆದ್ದರಿಂದ ಮನೆಯಲ್ಲಿ ಏಳೂವರೆ ಜನರಿದ್ದರೆ, ಅವರೆಲ್ಲ ಒಂದು ದಿನ ಕುಡಿಯದೆ, ತೊಳೆಯದೆ, ಅಡಿಗೆ ಮಾಡದೆ ಸಹಕರಿಸಿದರೆ ಒಬ್ಬರು ಪೂರ್ಣ ನಿರಾಳರಾಗಬಹುದು. ಸರದಿಯಲ್ಲಿ ಮಾಡಿದರೆ ವಾರಕ್ಕೊಬ್ಬರ ಚಿಂತೆ ಹರಿಯುತ್ತದೆ. ನಗರದಲ್ಲಿ ಟಬ್ಬಿಗೆ ಹಾಕಲು ವಿಶೇಷ ಲವಣ ಮಾರುತ್ತಾರೆ. ಇಲ್ಲಿ ಆ ಖರ್ಚು ಉಳಿತಾಯ, ಆಳದ ಬೋರಿನ ನೀರು ಲವಣ ಕರಗಿಸಿಕೊಂಡೇ ಮೇಲೆ ಬರುತ್ತದೆ. ಇಷ್ಟು ಅನುಕೂಲವಿದ್ದೂ ಒಂದು ಮನೆಯವರೂ ಟಬ್ಬು ಕೊಳ್ಳಲು ಮುಂದೆ ಬರಲಿಲ್ಲ. ಸ್ವಂತ ಆರೋಗ್ಯದ ಬಗ್ಗೆ ಗ್ರಾಮೀಣರಲ್ಲಿರುವ ಅಸಡ್ಡೆಗೆ ಬೇರೆ ಉದಾಹರಣೆ ಬೇಕಿಲ್ಲ.

ಹಾಗಾದರೆ ನೀರು ಬೇಡ, ನೀರಿನ ಸದ್ದಾದರೂ ಆಗಲಿ ಎಂದೆವು. ಹರಿಯುವ ತೊರೆಯ ಧ್ವನಿ ನರಗಳನ್ನು ಸಡಿಲಿಸುತ್ತದೆ ಎಂದು ಮೊಬೈಲಿನ ಆ್ಯಪ್‌ಗಳು ತಿಂಗಳ ಚಂದಾ ಪಡೆದು ಅದನ್ನು ಮಾರುತ್ತವೆ. ಪಡಸಾಲೆಯಲ್ಲಿ ಎಲ್ಲರನ್ನೂ ಅಂಗಾತ ಮಲಗಿಸಿ, ಕಣ್ಣು ಮುಚ್ಚಿಸಿ, ಮೊಬೈಲಿನಲ್ಲಿ ತೊರೆ ಹರಿಸಿದ ಕ್ಷಣ ಮನೆಯ ಹೆಂಗಸರೆಲ್ಲ ಎದ್ದು ಕೊಡ ಹಿಡಿದು ಅಂಗಳಕ್ಕೆ ಓಡಿದರು. ಪಕ್ಕದ ಮನೆಯವರು ಇವರನ್ನು ನೋಡಿ ಓಡಿದರು. ಓಣಿಯ ಕೊನೆಯವರಿಗೆ ಕೊನೆಯವರೆಗೂ ನಂಬಿಕೆ ಬರಲಿಲ್ಲ. ನಳ ಬಂದು ಹೋಗಿದೆ, ನಮಗೆ ಮಾತ್ರ ಹೇಳಿಲ್ಲ ಎಂದು ಅವರು ಸಂಜೆಯವರೆಗೂ ಮಾತು ಬಿಟ್ಟಿದ್ದರು.

ಧ್ವನಿಯಿಂದ ಆಗದ್ದು ಕಲ್ಪನೆಯಿಂದ ಆಗುತ್ತದೆ. ಮುತ್ಯಾನನ್ನು ಕೂರಿಸಿ, ಕಣ್ಣು ಮುಚ್ಚಿ ಒಂದು ತುಂಬಿದ ಕೆರೆಯನ್ನು ಊಹಿಸಿಕೊಳ್ಳಿ ಎಂದೆವು.

"ಯಾರ ನೀರ್ರೀ ಅದು?" ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಯಾರದ್ದಾದರೇನು ಮುತ್ಯಾ, ನೀರು."

"ಹಂಗ ಹ್ಯಾಂಗ್ ಆಕ್ಕೈತ್ರಿ ಸಾಹೇಬ್ರ? ಮ್ಹೈಸಾಳದ್ದಾ, ತುಬಚೀದಾ? ಮ್ಹೈಸಾಳದ್ದಾದ್ರ ಬಿಲ್ ಕಟ್ಟಬೇಕು. ತುಬಚೀದಾದ್ರ ಫೋಟೋ ತಗಸ್ಕೋಬೇಕು."

ಇದನ್ನು ಅರ್ಥ ಮಾಡಿಕೊಳ್ಳಲು ಓದುಗರಿಗೆ ಸ್ವಲ್ಪ ಜಲಶಾಸ್ತ್ರ ಬೇಕು. ಮ್ಹೈಸಾಳ ಏತ ನೀರಾವರಿ ಮಹಾರಾಷ್ಟ್ರದ್ದು: ಮಿರಜ ತಾಲೂಕಿನಲ್ಲಿ ಕೃಷ್ಣೆಯನ್ನು ಎತ್ತಿ, ಹಂತಹಂತವಾಗಿ ಮತ್ತೆ ಮತ್ತೆ ಎತ್ತಿ, ಬರದ ಸೀಮೆಗೆ ತಲುಪಿಸುವ ಯೋಜನೆ. ತುಬಚಿ-ಬಬಲೇಶ್ವರ ಕರ್ನಾಟಕದ್ದು, ಅದೇ ಕೃಷ್ಣೆಯನ್ನು ಗಡಿಯ ಆಚೆ ಬದಿಯಲ್ಲಿ ಎತ್ತುತ್ತದೆ. ಜತ್‌ನ ಅನೇಕ ಹಳ್ಳಿಗಳು ಇವೆರಡರ ನಡುವೆ, ಎರಡಕ್ಕೂ ಸ್ವಲ್ಪ ಸ್ವಲ್ಪ ದೂರದಲ್ಲಿ ಉಳಿದವು. 2022ರ ನವೆಂಬರಿನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು, ಜತ್‌ನ 40 ಹಳ್ಳಿಗಳು ಕರ್ನಾಟಕಕ್ಕೆ ಬರುತ್ತೇವೆಂದು ಠರಾವು ಮಾಡಿವೆ ಎಂದರು. ಮಹಾರಾಷ್ಟ್ರದ ಅಂದಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸರು, ಅದು 2012ರ ಹಳೇ ಠರಾವು, ಒಂದು ಹಳ್ಳಿಯೂ ಎಲ್ಲಿಗೂ ಹೋಗುವುದಿಲ್ಲ ಎಂದರು. ಕೆಲವೇ ದಿನಗಳಲ್ಲಿ ತುಬಚಿ-ಬಬಲೇಶ್ವರದ ನೀರು ಗಡಿ ದಾಟಿ ತಿಕೋಂಡಿಯ ಕಡೆ ಹರಿಯಿತು. ಅತ್ತ ಸುಮಾರು 2,000 ಕೋಟಿ ರೂಪಾಯಿಯ ಮ್ಹೈಸಾಳ ವಿಸ್ತರಣೆಗೂ ಇದ್ದಕ್ಕಿದ್ದಂತೆ ಚುರುಕು ಬಂತು. ಹತ್ತು ವರ್ಷ ಬಾಯಾರಿ ಕೂತಾಗ ಬಾರದ ನೀರು ಒಂದು ಹೇಳಿಕೆಗೆ ಬಂತು. ಇದರಿಂದ ಊರವರು ಕಲಿತ ಪಾಠ ನಮ್ಮ ಶಾಸ್ತ್ರಕ್ಕೆ ತೀರಾ ವಿರುದ್ಧ: ಚಿಂತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕರಗಿಸಬೇಕು ಎಂದು ನಾವು, ಅದನ್ನು ಠರಾವು ಬರೆದು ಸುದ್ದಿವಾಹಿನಿಗೆ ಕೊಡಬೇಕು ಎಂದು ಅವರು.

ಇನ್ನು ಪಂಚೇಂದ್ರಿಯ ವಿಧಾನ. ಆತಂಕ ಹೆಚ್ಚಿದಾಗ ಸುತ್ತಲಿನ ಐದು ವಸ್ತುಗಳನ್ನು ನೋಡಿ ಹೆಸರಿಸುವುದು, ನಾಲ್ಕನ್ನು ಮುಟ್ಟುವುದು, ಮೂರು ಸದ್ದು ಆಲಿಸುವುದು, ಎರಡು ವಾಸನೆ, ಒಂದು ರುಚಿ. ಮನಸ್ಸು ನಾಳಿನ ಚಿಂತೆಯಿಂದ ಬಿಡಿಸಿಕೊಂಡು ಈ ಕ್ಷಣಕ್ಕೆ ಬಂದು ನಿಲ್ಲುತ್ತದೆ. ವಿಧಾನದಲ್ಲಿ ಲೋಪವಿಲ್ಲ ಎಂದು ತೋರಿಸಲು ತೊರೆ ಹರಿಸಿದ ಮನೆಯ ಆಯಿಯ ಮೇಲೆ ನಡೆಸಿದ ಪ್ರಯೋಗವನ್ನು ಇದ್ದಂತೆಯೇ ಕೊಡುತ್ತಿದ್ದೇವೆ. ಆಯಿ ಹೊಸ್ತಿಲ ಪಕ್ಕದಲ್ಲಿ ಸೊಂಟಕ್ಕೆ ಅಡಿಕೆ ಚೀಲ ಸಿಗಿಸಿಕೊಂಡು, ಒಂದು ಕಾಲು ಚಾಚಿ, ಒಂದು ಮಡಚಿ ಕೂತಿದ್ದರು. ಮುಖದಲ್ಲಿ ಯಾವ ಆತಂಕವೂ ಕಾಣಲಿಲ್ಲ. ಇದು ಅದುಮಿಟ್ಟ ಆತಂಕದ ಲಕ್ಷಣ.

"ಆಯಿ, ಕಣ್ಣಿಗೆ ಕಾಣುವ ಐದು ವಸ್ತು ಹೇಳ್ರಿ."

"ಅಕಾ ಆ ನೀಲಿ ಬ್ಯಾರಲ್ಲು. ಖಾಲಿ ಅದ. ಅದರ ಬಾಜೂಕ ಬೋರಿನ ಪೈಪು, ಮ್ಯಾಲ ತಗದ ಇಟ್ಟಾರ. ಆರನೂರ ಫೂಟ ಹ್ವಾತು, ಬರೇ ಧೂಳ ಬಂತು. ಮೂರನೇದ್ದು ಮಾಡಿನ್ಯಾಗ ಸಿಗಸಿದ್ದು ಮಗನ ಕೋಯ್ತಾ. ದೀವಳಿಗಿ ಆದಮ್ಯಾಲ ಕಬ್ಬ ಕಡೀಲಾಕ ಹೋಗ್ಬೇಕು, ಮುಕಾದಮನ ಕಡಿಂದ ಉಚಲ ತಗೊಂಡ ತಿಂದ ಬಿಟ್ಟೇವಿ. ನಾಕನೇದ್ದು ಗ್ವಾಡಿಗಿ ಚುಚ್ಚಿದ್ದ ಸೋಸಾಯಟಿ ನೋಟೀಸು. ಮರಾಠ್ಯಾಗ ಐತಿ, ನನಗ ಓದಾಕ ಬರೂದಿಲ್ಲ, ಆದ್ರ ಆಕಡಾ ತಿಳೀತಾವ." ಸ್ವಲ್ಪ ಸುಮ್ಮನಾಗಿ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. "ಐದನೇದ್ದು ನೀನ, ತಮ್ಮಾ."

ಮುಟ್ಟುವ ನಾಲ್ಕು ವಸ್ತುಗಳಲ್ಲಿ ಕೊಡದ ಕಂಠ, ಹರಿದ ಸಿಂಬಿ, ಊದಿದ ಮೊಣಕಾಲು, ಅದೇ ಕಾಲಿನ ಇನ್ನೊಂದು ಕಡೆಯ ಊತ. ಕೇಳುವ ಮೂರು ಸದ್ದುಗಳಲ್ಲಿ ಮೊದಲನೆಯದು ದಾವಣಿಯಲ್ಲಿ ಆಕಳು ಬಾನಿ ನೆಕ್ಕುವ ಸದ್ದು, ಎರಡನೆಯದು ಸೊಸೆ ಫೋನಿನಲ್ಲಿ ತವರಿನವರ ಜತೆ ಮಾತಾಡುತ್ತಿದ್ದುದು, ಮೂರನೆಯದನ್ನು ಹೇಳಲಿಲ್ಲ, ಎರಡನೆಯದನ್ನು ಬಹಳ ಹೊತ್ತು ಆಲಿಸಿದರು. ವಾಸನೆಗೆ ತಂಬಾಕು ಒಂದೇ ಸಾಕು ಎಂದರು. ರುಚಿಗೆ ಚರಿಗೆಯಿಂದ ಒಂದು ಗುಟುಕು ನೀರು ಕುಡಿದು "ಸವಳು" ಎಂದರು.

"ಈಗ ಹೇಗನಿಸ್ತದ ಆಯಿ?"

"ಮುಂಜಾನಿಂದ ಅಡ್ಡೀ ಇರಲಿಲ್ಲಪಾ. ನೀ ಒಂದೊಂದ ಎಣಿಸಿ ಕೇಳಿದ್ಯಲ್ಲ, ಈಗ ಎಲ್ಲಾ ನೆಪ್ಪಿಗಿ ಬಂತು."

ಮನಸ್ಸು ಈ ಕ್ಷಣಕ್ಕೆ ಬಂದು ನಿಂತಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕೆ? ಪ್ರಯೋಗ ಯಶಸ್ವಿ ಎಂದು ಬರೆದುಕೊಂಡೆವು.

ಸ್ನಾಯು ಸಡಿಲಿಕೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಎಡ್ಮಂಡ್ ಜೇಕಬ್‌ಸನ್ 1929ರಲ್ಲಿ ಪುಸ್ತಕ ಬರೆದು ಪ್ರಚುರಪಡಿಸಿದ ವಿಧಾನ ಅದು: ಮುಷ್ಟಿ, ತೋಳು, ಭುಜ, ಬೆನ್ನು, ಕಾಲು ಒಂದೊಂದನ್ನೇ ಬಿಗಿ ಮಾಡಿ, ತಡೆದು, ಬಿಡಬೇಕು. ಕಬ್ಬು ಕಡಿದು ಬಂದವನಿಗೆ ಬಿಗಿ ಮಾಡುವ ಭಾಗ ಪೂರ್ತಿ ಮನ್ನಾ. ಮುಕಾದಮನ ಮುಂಗಡ ತೀರುವವರೆಗೆ ಬಿಡುವ ಭಾಗವೂ ಮನ್ನಾ.

ನಿದ್ರೆಯ ಅಧ್ಯಾಯಕ್ಕೆ ಬರೋಣ; ಈ ತಾಲೂಕಿನಲ್ಲಿ ನಮಗೆ ಅತಿ ಹೆಚ್ಚು ಪ್ರತಿರೋಧ ಬಂದದ್ದು ಇಲ್ಲಿಯೇ. ದಿನವೂ ಒಂದೇ ಹೊತ್ತಿಗೆ ಮಲಗಬೇಕು, ಒಂದೇ ಹೊತ್ತಿಗೆ ಏಳಬೇಕು, ಇದು ನಿದ್ರಾಶಾಸ್ತ್ರದ ಅಡಿಗಲ್ಲು. ಸೊರಡಿಯ ರೈತನ ನಿದ್ದೆಯನ್ನು ಅವನ ಮಿದುಳು ನಿರ್ಧರಿಸುವುದಿಲ್ಲ, ತ್ರೀ ಫೇಸ್ ಕರೆಂಟು ನಿರ್ಧರಿಸುತ್ತದೆ. ಹೊಲದ ಪಂಪಿಗೆ ಕರೆಂಟು ಪಾಳಿಯಲ್ಲಿ ಬರುತ್ತದೆ, ಕೆಲವು ದಿನ ಹಗಲು, ಕೆಲವು ದಿನ ರಾತ್ರಿ. ರಾತ್ರಿ ಪಾಳಿಯಲ್ಲಿ ಮನುಷ್ಯ ಬ್ಯಾಟರಿ ಹಿಡಿದು, ಹಾವಿಗೆ ಹೆದರಿ ಕೋಲು ಬಡಿಯುತ್ತ ಹೊಲಕ್ಕೆ ಹೋಗಿ ಮೋಟಾರು ಚಾಲೂ ಮಾಡಬೇಕು. ಬೋರಿನಲ್ಲಿ ಅರ್ಧ ತಾಸಿನ ನೀರಿದ್ದರೆ ಅದು ತೀರಿದ ಮೇಲೆ ಬಂದ್ ಮಾಡಿ, ಝರಿ ಕೂಡುವವರೆಗೆ ಕಾದು, ಮತ್ತೆ ಚಾಲೂ ಮಾಡಬೇಕು. ಈ ಪಾಳಿಯ ವೇಳಾಪಟ್ಟಿಯ ಪ್ರತಿಯನ್ನು ಗೋಡೆಗೆ ಅಂಟಿಸಿ, ಅದರ ಪಕ್ಕದಲ್ಲಿ ನಮ್ಮ ನಿದ್ರಾ ವೇಳಾಪಟ್ಟಿಯನ್ನೂ ಅಂಟಿಸಿದ್ದೇವೆ. ಎರಡರಲ್ಲಿ ಒಂದನ್ನು ಬದಲಿಸಲು ಸಂಬಂಧಪಟ್ಟವರಿಗೆ ಬರೆಯಲಾಗುವುದು.

ನಿದ್ದೆ ಬಾರದಿದ್ದರೆ ಕುರಿ ಎಣಿಸಬೇಕು ಎಂಬುದು ಪಾಶ್ಚಾತ್ಯರ ಪ್ರಸಿದ್ಧ ಉಪಾಯ. ಕಣ್ಣು ಮುಚ್ಚಿ ಕುರಿಗಳು ಒಂದೊಂದಾಗಿ ಬೇಲಿ ಹಾರುವುದನ್ನು ಊಹಿಸುತ್ತ ಎಣಿಸುತ್ತ ಹೋದರೆ ನೂರರೊಳಗೆ ನಿದ್ದೆ. ಈ ಉಪಾಯಕ್ಕೆ ಜತ್‌ಗಿಂತ ತಕ್ಕ ನೆಲ ಭೂಮಿಯ ಮೇಲಿಲ್ಲವೆಂದು ನಾವು ಭಾವಿಸಿದ್ದೆವು. ಗಿಣಿಮೂಗಿನ ಮಾಡಗ್ಯಾಳ ಕುರಿಯ ತವರು ಇದು. ಮಾಡಗ್ಯಾಳ ಇದೇ ತಾಲೂಕಿನ ಊರು. ಕುರುಬರ ಒಬ್ಬ ಹಿರಿಯರಿಗೆ ವಿಧಾನ ವಿವರಿಸಿ ಮಲಗಿಸಿದೆವು. ಮೂವತ್ತರ ಆಸುಪಾಸಿನಲ್ಲಿ ತಟ್ಟನೆ ಎದ್ದು ಕೂತರು. ಒಂದು ಮರಿ ಹಿಂಗಾಲು ಕುಂಟುತ್ತಿತ್ತಂತೆ, ಹಟ್ಟಿಗೆ ಹೋಗಿ ನೋಡಿ ಬಂದರು. ಕುಂಟುತ್ತಿತ್ತು. ಮತ್ತೆ ಮಲಗಿದರು. ಲೆಕ್ಕ ಮುಗಿದ ಮೇಲೆ ಒಂದು ಕಡಿಮೆ ಬಂತೆಂದು ಮತ್ತೆ ಎದ್ದರು. ತೋಳನ ಸುದ್ದಿ ಬಂತು, ಮಕ್ಕಳೆಲ್ಲ ಎದ್ದರು, ನಾಯಿಗಳೆದ್ದವು. ಕೊನೆಗೆ ಹಿರಿಯರು ನಮ್ಮ ಶಾಸ್ತ್ರದ ಮೂಲಕ್ಕೇ ಕೈ ಹಾಕಿದರು.

"ಸಾಹೇಬ್ರ, ಬ್ಯಾಲಿ ಹಾರೂ ಕುರಿ ಯಾರದರೀ ಅವು? ಬ್ಯಾಲಿ ಹಾರೂ ಚಟಾ ಇದ್ದ ಕುರೀನ ಯಾಂವಾರೆ ಇಟ್ಕೋತಾನೇನ್ರಿ? ಮೊದಲ ಸಂತಿಗಿ ಹೊಡೀಬೇಕು ಅದನ್ನ."

ಮಾತು ಸಂತೆಗೆ ತಿರುಗಿದ ಮೇಲೆ ಆ ರಾತ್ರಿ ಯಾರಿಗೂ ನಿದ್ದೆಯಿಲ್ಲ. 2020ರಲ್ಲಿ ಆಟಪಾಡಿಯ ಸಂತೆಯಲ್ಲಿ ಒಂದು ಮಾಡಗ್ಯಾಳ ಟಗರಿಗೆ 70 ಲಕ್ಷ ರೂಪಾಯಿಯ ಬೇಡಿಕೆ ಬಂದು, ಮಾಲೀಕ ಒಂದೂವರೆ ಕೋಟಿ ಹೇಳಿ ಕೊಡದೆ ವಾಪಸ್ ಹೊಡೆದುಕೊಂಡು ಹೋದ ಸುದ್ದಿ ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಕೊಡಬೇಕಿತ್ತೋ ಬಾರದಿತ್ತೋ ಎಂಬ ಚರ್ಚೆ ಬೆಳಗಿನ ನಾಲ್ಕರವರೆಗೆ ನಡೆಯಿತು. ಆಕ್ಸ್‌ಫರ್ಡ್‌ನಲ್ಲಿ 2002ರ ಒಂದು ಅಧ್ಯಯನದಲ್ಲಿ, ಹಿತವಾದ ಒಂದು ದೃಶ್ಯವನ್ನು ವಿವರವಿವರವಾಗಿ ಕಲ್ಪಿಸಿಕೊಂಡ ನಿದ್ರಾಹೀನರಿಗೆ ಬೇಗ ನಿದ್ದೆ ಬಂದಿತ್ತು. ಆದರೆ ಆ ದೃಶ್ಯದಲ್ಲಿ 70 ಲಕ್ಷ ಇರಬಾರದೆಂದು ಸಂಶೋಧಕರು ಎಚ್ಚರಿಸಿರಲಿಲ್ಲ.

ದೇಹತೂಕದ ಹತ್ತನೇ ಒಂದು ಭಾಗ ಭಾರವಿರುವ ಹೊದಿಕೆ ಹೊದ್ದರೆ ಆತಂಕ ಇಳಿಯುತ್ತದೆಂದು ಈಗ ನಗರಗಳಲ್ಲಿ ಗಾಜಿನ ಮಣಿ ತುಂಬಿದ ಚಾದರಗಳನ್ನು ಸಾವಿರಾರು ರೂಪಾಯಿಗೆ ಮಾರುತ್ತಾರೆ. ಇಲ್ಲಿ ಕುರುಬರ ಕರಿ ಕಂಬಳಿಯಿದೆ, ಜಡಿಮಳೆಯಲ್ಲಿ ನೆನೆದರೆ ಅದರ ಭಾರ ಶಾಸ್ತ್ರೋಕ್ತ ಮಟ್ಟಕ್ಕೆ ಏರುತ್ತದೆ. ಜಡಿಮಳೆಗಾಗಿ ಕಾಯಲಾಗುತ್ತಿದೆ.

ನಮ್ಮ ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಎಂದು ವಿಂಗಡಿಸಿ, ಇಲ್ಲದ್ದರ ಬಗ್ಗೆ ಚಿಂತೆ ಬಿಡಬೇಕೆಂಬುದು ಇನ್ನೊಂದು ಪ್ರಸಿದ್ಧ ಉಪದೇಶ. ಝಡ್‌ಪಿ ಕನ್ನಡ ಶಾಲೆಯ ಹುಡುಗರಿಂದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ವರ್ತುಲ ಬರೆಸಿದೆವು. ಹೊರವರ್ತುಲಕ್ಕೆ ಹೋದವು: ಮಳೆ; ಬೇದಾಣೆಯ ದರ; ಎಸ್‌ಟಿ ಬಸ್ಸಿನ ಹೊತ್ತು; 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ; ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಗಡಿ ದಾವೆ; ಕೃಷ್ಣೆಯನ್ನು ಹಂಚಿದ ಬಚಾವತ್ ನ್ಯಾಯಮಂಡಳಿ, ಅದನ್ನು ಮತ್ತೆ ಹಂಚಲು ಕೂತ ಬ್ರಿಜೇಶ್‌ಕುಮಾರ್ ನ್ಯಾಯಮಂಡಳಿ; ಅಳಿಯನ ಸ್ವಭಾವ. ವರ್ತುಲ ಅಂಗಳ ದಾಟಿ ರಸ್ತೆಗೆ ಹೋಯಿತು. ಒಳವರ್ತುಲಕ್ಕೆ ಬಹಳ ಹೊತ್ತು ಯಾರೂ ಏನೂ ಹೇಳಲಿಲ್ಲ. ಕೊನೆಗೆ ಒಬ್ಬ ಹುಡುಗಿ "ನಳದ ತೋಟಿ ತಿರುವೂದು" ಎಂದಳು. ಸರಿ ಎಂದು ಬರೆದೆವು. ತಿರುವಿದ ಮೇಲೆ ನಡೆಯುವುದು ಹೊರವರ್ತುಲದ ವಿಷಯ.

ಧ್ಯಾನದ ಪಾಠ ಎತ್ತಿದಾಗ ಊರವರ ಉಡಾಫೆ ನಮಗೆ ನೋವು ತಂದಿತು. ಧ್ಯಾನ ಎಂಬುದು ಅವರಿಗೆ ಹೊಸದು ಎಂದೇ ನಾವು ಮೊದಲ ಸ್ಲೈಡಿನಲ್ಲಿ ಬರೆದಿದ್ದೆವು. ಅವರು ಇದೇ ತಾಲೂಕಿನ ಉಮದಿಯ ಭಾವುಸಾಹೇಬ ಮಹಾರಾಜರ ಹೆಸರು ಹೇಳಿದರು. ಮಹಾರಾಜರು ತೀರಿಕೊಂಡದ್ದು 1914ರಲ್ಲಿ. ಗಡಿಯಾಚೆಯ ಇಂಚಗೇರಿಯ ಮಠ ಅವರದು. ನಾಮಸ್ಮರಣೆ ಮಾಡುತ್ತ ತಾಸುಗಟ್ಟಲೆ ಕೂರುವ ಆ ಪರಂಪರೆಯಿಂದಲೇ ನಿಂಬಾಳದ ಗುರುದೇವ ರಾನಡೆ ಬಂದರು, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿ ಮತ್ತೆ ನಿಂಬಾಳಕ್ಕೇ ಬಂದು ಕೂತರು. ಅದೇ ಪರಂಪರೆಯ ಇನ್ನೊಂದು ಕೊಂಬೆ ಸಿದ್ಧರಾಮೇಶ್ವರ ಮಹಾರಾಜರ ಮೂಲಕ ಮುಂಬಯಿ ಮುಟ್ಟಿತು. ಅಲ್ಲಿ ಬೀಡಿ ಅಂಗಡಿ ನಡೆಸುತ್ತಿದ್ದ ನಿಸರ್ಗದತ್ತ ಮಹಾರಾಜರ ಮಾತುಗಳು 1973ರಲ್ಲಿ ಇಂಗ್ಲಿಷ್ ಪುಸ್ತಕವಾಗಿ, ಅಮೆರಿಕ, ಯುರೋಪಿನವರೆಲ್ಲ ಅವರ ಅಟ್ಟದ ಕೋಣೆಯಲ್ಲಿ ಬಂದು ಕೂತರು. ಆ ವಿದೇಶಿಯರು ಕಲಿತು ಹೋದದ್ದು, ಬೇರೆ ಬೇರೆ ಕಡೆಯಿಂದ ಹೋದ ಸರಕಿನ ಜತೆ ಬೆರೆತು, ಈಗ ಆ್ಯಪ್ ಆಗಿ, ನಮ್ಮ ಮೂಲಕ, ತಿಂಗಳಿಗೆ 399 ರೂಪಾಯಿಗೆ ಜತ್ ತಾಲೂಕಿಗೆ ಹಿಂತಿರುಗುತ್ತಿದೆ. ಇದರಲ್ಲಿ ಮುಜುಗರ ಪಡುವಂಥದ್ದೇನೂ ನಮಗೆ ಕಾಣುವುದಿಲ್ಲ. ಇಲ್ಲಿನ ದ್ರಾಕ್ಷಿಯೂ ಹೊರಗೆ ಹೋಗಿ ಬಾಟಲಿಯಲ್ಲಿ ವಾಪಸ್ ಬರುತ್ತದೆ. ಉಮದಿಯ ಕಾಲದಲ್ಲಿ ಎಷ್ಟು ಜನ ಎಷ್ಟು ನಿಮಿಷ ಕೂತರು, ಎಷ್ಟು ದಿನ ತಪ್ಪಿಸಿದರು ಎಂಬ ಅಂಕಿಅಂಶ ಫೋನಿನಲ್ಲಿ ದಾಖಲಾಗಿಲ್ಲವಾದ್ದರಿಂದ ಅವರಿಗೆ ಶಾಂತಿ ಸಿಕ್ಕಿತ್ತು ಎಂದು ಒಪ್ಪಲು ನಮ್ಮಿಂದಾಗದು.

ಒಂದು ವಿಷಯದಲ್ಲಿ ಮಾತ್ರ ನಮ್ಮ ಶಿಫಾರಸು ಊರಿಗೆ ಹಿಡಿಸಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಸರಕಾರಿ ಸಹಾಯವಾಣಿಯಿದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ, ಪುಕ್ಕಟೆಯಾಗಿ, ಕನ್ನಡ, ಮರಾಠಿ ಎರಡರಲ್ಲೂ ಮಾತಾಡುವವರಿದ್ದಾರೆ. ಕುಂಟುಮರಿಯ ಆ ಹಿರಿಯರು ಎಲ್ಲರೂ ಮಲಗಿದ ಮೇಲೆ ಹಟ್ಟಿಯಲ್ಲಿ ಕೂತು ಫೋನು ಹಚ್ಚಿದರಂತೆ. ಆ ಕಡೆಯ ಹೆಣ್ಣುಮಗಳು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು, ಊಟ ಆಯಿತೇ ಕಾಕಾ ಎಂದು ಕೇಳಿದಳು. ಇವರು ನಿಮ್ಮ ಕಡೆ ಮಳೆ ಹ್ಯಾಂಗ ಐತವ್ವಾ ಎಂದು ಕೇಳಿದರು. ಫೋನಿಟ್ಟು ಮಲಗಿದವರು ಬೆಳಗಾದ ಮೇಲೆ ಎದ್ದರು. ಈ ಪದ್ಧತಿಯಲ್ಲಿ ತಂತ್ರವೇನೂ ಇಲ್ಲದಿರುವುದರಿಂದ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಅಧ್ಯಾಯ ಕೊಟ್ಟಿಲ್ಲ.

ಈ ಎಲ್ಲ ಕ್ಷೇತ್ರಕಾರ್ಯದ ಆಧಾರದ ಮೇಲೆ ಎರಡೂ ಸರಕಾರಗಳಿಗೆ ಒಂದು ಜಂಟಿ ಪ್ರಸ್ತಾವ ಸಲ್ಲಿಸುತ್ತಿದ್ದೇವೆ. ಮ್ಹೈಸಾಳ ವಿಸ್ತರಣೆಯ ಅಂದಾಜು 2,000 ಕೋಟಿ. ಒಂದು ಒಳ್ಳೆಯ ಯೋಗದ ಚಾಪೆಗೆ ಸಗಟಿನಲ್ಲಿ 300 ರೂಪಾಯಿ. ಅಷ್ಟು ಹಣಕ್ಕೆ 6.66 ಕೋಟಿ ಚಾಪೆ ಬರುತ್ತವೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಅವರೆಲ್ಲರಿಗೂ ಸೌಹಾರ್ದದ ಸಂಕೇತವಾಗಿ ಒಂದೊಂದು ಕೊಟ್ಟ ಮೇಲೂ 55 ಲಕ್ಷ ಚಾಪೆ ಉಳಿಯುತ್ತವೆ. ಅವನ್ನು ಜತ್‌ನ ಹೊಲಗಳಿಗೆ ಹಾಸಿದರೆ ತೇವ ಆರುವುದು ತಪ್ಪುತ್ತದೆ. ನೀರನ್ನು ನೂರಾರು ಅಡಿ ಮೇಲಕ್ಕೆ ಎತ್ತುವುದಕ್ಕಿಂತ ಜನರ ಮನಸ್ಸನ್ನು ಕೆಳಕ್ಕೆ ಇಳಿಸುವುದು ಅಗ್ಗ, ಕರೆಂಟೂ ಬೇಡ. ಭಾಷೆಯ ತಕರಾರು ಬಾರದಂತೆ ಉಸಿರು ಎಳೆದುಕೊಳ್ಳುವ ಸೂಚನೆ ಕನ್ನಡದಲ್ಲಿ, ಬಿಡುವ ಸೂಚನೆ ಮರಾಠಿಯಲ್ಲಿ ಇರುತ್ತದೆ. ಬಿಗಿಹಿಡಿಯುವ ಅವಧಿ ನ್ಯಾಯಾಲಯದ ಅಂತಿಮ ತೀರ್ಪಿಗೆ ಒಳಪಟ್ಟಿರುತ್ತದೆ.

ಮೊದಲ ಶಿಬಿರವನ್ನು ಸೊರಡಿಯಲ್ಲೇ ಇಡಬೇಕೆಂದು ಹೊತ್ತು ಗೊತ್ತುಮಾಡಲು ಊರವರನ್ನು ಕೇಳಿದೆವು. ಬೆಳಿಗ್ಗೆ ಬೇಡ, ನಳ ಬರಬಹುದು. ಹನ್ನೊಂದಕ್ಕೆ ಬೇಡ, ಟ್ಯಾಂಕರ್ ಬರಬಹುದು. ಮಧ್ಯಾಹ್ನ ದನ ಹೊಡೆದುಕೊಂಡು ಹೋಗಬೇಕು, ರಾತ್ರಿ ಕರೆಂಟು ಪಾಳಿ, ಗುರುವಾರ ಸಂತೆ, ಅಮಾವಾಸ್ಯೆಗೆ ಅರ್ಧ ಊರು ಗುಡ್ಡಾಪುರದ ದಾನಮ್ಮನ ಗುಡಿಗೆ ನಡೆದು ಹೋಗುತ್ತದೆ. ಬಹಳ ಹುಡುಕಿದ ಮೇಲೆ ಬರುವ ಮಂಗಳವಾರ ಸಂಜೆ ನಾಲ್ಕಕ್ಕೆ, ಪಂಚಾಯತಿ ಮುಂದಿನ ಬೇವಿನ ಮರದಡಿ, ಎಲ್ಲರೂ ಬಿಡುವಾಗಿರುವುದು ತಿಳಿದುಬಂತು. ಆ ಹೊತ್ತಿಗೆ ಅಲ್ಲಿ ಮೊದಲೇ ಗ್ರಾಮಸಭೆ ಇಟ್ಟಿದ್ದಾರಂತೆ. ವಿಷಯ ಒಂದೇ: ಹೊಸ ಠರಾವು. ಸಭೆ ಬೇಗ ಮುಗಿದರೆ ಚಾಪೆಗಳ ಮೇಲೆ ಕೂರಲು ಅಭ್ಯಂತರವಿಲ್ಲ ಎಂದು ಸರಪಂಚರು ತಿಳಿಸಿದ್ದಾರೆ. ಬೇಗ ಮುಗಿಯದಿದ್ದರೆ ಚಾಪೆ ಮೊದಲೇ ಕೊಡಬೇಕಂತೆ, ನೆಲ ಬಹಳ ಕಾದಿರುತ್ತದೆ.